ಮಹಾಯುದ್ಧಕ್ಕೆ ಐದು ಕಾರಣ ಬರೆದರೆ ಸಾಕೇ?

ಪ್ರಶ್ನೆ: ನನ್ನ ಮಗಳು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಸಮೀಪದ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಒಂದನೆಯ ಮಹಾಯುದ್ಧಕ್ಕೆ ಸೈನಿಕ ಕೂಟಗಳು, ಶಸ್ತ್ರಾಸ್ತ್ರ ಪೈಪೋಟಿ, ಸಾಮ್ರಾಜ್ಯದಾಹ, ಉಗ್ರ ರಾಷ್ಟ್ರೀಯತೆ, ಸರಯೇವೊದ ಕೊಲೆ ಎಂದು ಐದು ಕಾರಣಗಳನ್ನೂ 1929ರ ಆರ್ಥಿಕ ಮುಗ್ಗಟ್ಟಿಗೆ ಇನ್ನು ನಾಲ್ಕು ಕಾರಣಗಳನ್ನೂ ಬಾಯಿಪಾಠ ಮಾಡುತ್ತಿದ್ದಾಳೆ. ಮೊನ್ನೆ ಅವಳೇ, "ಅಮ್ಮ, ಕೊಲೆಯೊಂದನ್ನು ಬಿಟ್ಟರೆ ಉಳಿದ ನಾಲ್ಕೂ 1913ರಲ್ಲಿಯೂ ಇದ್ದುವಲ್ಲ, ಆಗ ಯಾಕೆ ಯುದ್ಧ ಆಗಲಿಲ್ಲ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಹೀಗೆ ಯೋಚಿಸುತ್ತ ಕುಳಿತರೆ ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗಬಹುದೇ? ಯುರೋಪಿನ ಈ ಕಥೆಗಳಿಗೂ ನಮ್ಮ ಊರಿನ ಮಕ್ಕಳಿಗೂ ಏನು ಸಂಬಂಧ?

ಉತ್ತರ: ನಿಮ್ಮ ಮಗಳ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಕಾಸರಗೋಡಿನ ಪ್ರೌಢಶಾಲೆಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದ ನನ್ನ ಅನುಭವದಲ್ಲಿ ಈ ಪ್ರಶ್ನೆಯನ್ನು ತಾವಾಗಿಯೇ ಕೇಳಿದ ಮಕ್ಕಳು ಬೆರಳೆಣಿಕೆಯವರು. ಪಟ್ಟಿಯಲ್ಲಿರುವ ಐದು ಅಂಶಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಪಟ್ಟಿಯಲ್ಲಿ ಅವೆಲ್ಲವೂ ಒಂದೇ ಸಾಲಿನಲ್ಲಿ, ಒಂದೇ ತೂಕದವುಗಳಂತೆ ನಿಂತುಬಿಡುತ್ತವೆ. ಯಾವುದು ಎಷ್ಟು ಕಾಲದಿಂದ ಇತ್ತು, ಯಾವುದು ಯಾವುದನ್ನು ಎಳೆದು ತಂದಿತು, ಯಾವ ಘಟ್ಟದಲ್ಲಿ ಯಾರು ಬೇರೆ ತೀರ್ಮಾನ ಮಾಡಬಹುದಾಗಿತ್ತು ಎಂಬುದು ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ. ಕಾರಣವೆಂಬುದು ಒಂದು ಪ್ರಶ್ನೆಗೆ ಕೊಡುವ ಉತ್ತರ. "ಯಾಕೆ ಆಗಲೇ, ಯಾಕೆ ಅಲ್ಲಿಯೇ, ಅಂಥದೇ ಇನ್ನೊಂದು ಸಂದರ್ಭದಲ್ಲಿ ಯಾಕೆ ಆಗಲಿಲ್ಲ" ಎಂಬ ಪ್ರಶ್ನೆಯನ್ನು ಎದುರಿಗಿಟ್ಟುಕೊಳ್ಳದೆ ಕಾರಣ ಕಲಿತರೆ ಅದು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ.

ಮೊದಲು 1913ರ ವಿಚಾರವನ್ನೇ ನೋಡೋಣ. ಆ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರಿಯ-ಹಂಗೇರಿಯು ಸರ್ಬಿಯಕ್ಕೆ ಒಂದು ಎಚ್ಚರಿಕೆಯ ಪತ್ರವನ್ನು ಕಳುಹಿಸಿ, ಎಂಟು ದಿನಗಳೊಳಗೆ ಅಲ್ಬೇನಿಯದಿಂದ ಸೇನೆಯನ್ನು ಹಿಂದೆಗೆಯಬೇಕೆಂದು ಗಡುವು ಕೊಟ್ಟಿತು. ಕೂಟಗಳು ಆಗಲೂ ಇದ್ದುವು, ಶಸ್ತ್ರಾಸ್ತ್ರಗಳೂ ಇದ್ದುವು, ಬಾಲ್ಕನ್ ಪ್ರದೇಶದಲ್ಲಿ ರಾಷ್ಟ್ರೀಯತೆಯ ಕಾವು ಇನ್ನೂ ಹೆಚ್ಚಾಗಿಯೇ ಇತ್ತು, ಏಕೆಂದರೆ ಅಲ್ಲಿ 1912 ಮತ್ತು 1913ರಲ್ಲಿ ಬೆನ್ನುಬೆನ್ನಿಗೆ ಎರಡು ಯುದ್ಧಗಳು ನಡೆದು ಮುಗಿದಿದ್ದುವು. ಆದರೂ ಸರ್ಬಿಯ ಮಣಿಯಿತು, ಸರ್ಬಿಯದ ಬೆಂಬಲಕ್ಕಿದ್ದ ರಷ್ಯವೂ ಮಣಿಯುವಂತೆಯೇ ಸಲಹೆ ಕೊಟ್ಟಿತು, ಯುದ್ಧ ತಪ್ಪಿತು. ಒಂಬತ್ತು ತಿಂಗಳು ಕಳೆದು, 1914ರ ಜುಲೈ 23ರಂದು, ಅದೇ ಆಸ್ಟ್ರಿಯ ಅದೇ ಸರ್ಬಿಯಕ್ಕೆ ಇನ್ನೊಂದು ಎಚ್ಚರಿಕೆಯ ಪತ್ರ ಕಳುಹಿಸಿತು. ಈ ಸಲ ಕೊಟ್ಟ ಗಡುವು 48 ಗಂಟೆ. ಈ ಎರಡು ಪತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದೇ ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಹುಡುಕುವ ದಾರಿ.

ಎರಡರ ನಡುವೆ ಬದಲಾದದ್ದೇನು? 1914ರ ಜೂನ್ 28ರಂದು ಬೋಸ್ನಿಯದ ಸರಯೇವೊದಲ್ಲಿ ಗವ್ರಿಲೊ ಪ್ರಿನ್ಸಿಪ್ ಎಂಬ ಸರ್ಬ್ ತರುಣನ ಗುಂಡಿಗೆ ಬಲಿಯಾದ ಆಸ್ಟ್ರಿಯದ ಯುವರಾಜ ಫ್ರಾನ್ಸ್ ಫರ್ಡಿನಾಂಡ್, ಸರ್ಬಿಯದ ಮೇಲೆ ಯುದ್ಧ ಬೇಡವೆಂದು ಹೇಳುತ್ತ ಬಂದವನು. ಸೇನಾ ಮುಖ್ಯಸ್ಥ ಕಾನ್ರಾಡ್ ಪದೇ ಪದೇ ಯುದ್ಧ ಬೇಕೆಂದು ಒತ್ತಾಯಿಸುತ್ತಿದ್ದಾಗ ತಡೆಯುತ್ತಿದ್ದವರಲ್ಲಿ ಆತ ಪ್ರಮುಖ. ಅವನು ಸತ್ತಾಗ ಯುದ್ಧಕ್ಕೆ ಒಂದು ನೆಪ ಸಿಕ್ಕಿತು, ಅದರ ಜೊತೆಗೆ ಯುದ್ಧವನ್ನು ತಡೆಯುವ ಒಂದು ದನಿಯೂ ಇಲ್ಲವಾಯಿತು. ಎರಡನೆಯದಾಗಿ, ಬಾಲ್ಕನ್ ಯುದ್ಧಗಳ ಸಮಯದಲ್ಲಿ ಆಸ್ಟ್ರಿಯದ ಕೈ ಹಿಡಿದು ನಿಲ್ಲಿಸಿದ್ದ ಜರ್ಮನಿ, 1914ರ ಜುಲೈ 5 ಮತ್ತು 6ರಂದು ಏನೇ ಆದರೂ ನಾವು ಬೆನ್ನಿಗಿದ್ದೇವೆ ಎಂಬ ಭರವಸೆ ಕೊಟ್ಟಿತು. ಇನ್ನು ರಷ್ಯ, 1908ರಲ್ಲಿ ಆಸ್ಟ್ರಿಯ ಬೋಸ್ನಿಯವನ್ನು ನುಂಗಿದಾಗಲೂ 1913ರಲ್ಲಿಯೂ ಹಿಂದೆ ಸರಿದಿದ್ದ ಅದು, ಈ ಬಾರಿ ಸರಿಯುವುದಿಲ್ಲವೆಂದು ನಿರ್ಧರಿಸಿತು. ಪತ್ರದ ಬೇಡಿಕೆಯೂ ಬೇರೆಯಾಗಿತ್ತು. 1913ರಲ್ಲಿ ಕೇಳಿದ್ದು ಪರರ ನೆಲದಿಂದ ಹೊರಗೆ ಬರಲು. 1914ರಲ್ಲಿ ಕೇಳಿದ್ದು ಸರ್ಬಿಯದ ಒಳಗೇ ನಡೆಯುವ ಕೊಲೆಯ ತನಿಖೆಯಲ್ಲಿ ಆಸ್ಟ್ರಿಯದ ಅಧಿಕಾರಿಗಳಿಗೂ ಜಾಗ ಕೊಡಲು.

ಇಷ್ಟಾದ ಮೇಲೂ ಯುದ್ಧ ಹಣೆಬರಹವಾಗಿರಲಿಲ್ಲ. ಸರ್ಬಿಯ ಜುಲೈ 25ರಂದು ಕೊಟ್ಟ ಉತ್ತರದಲ್ಲಿ ಬಹುಪಾಲು ಬೇಡಿಕೆಗಳಿಗೆ ಒಪ್ಪಿತ್ತು. ಆ ಉತ್ತರವನ್ನು ಜುಲೈ 28ರ ಬೆಳಗ್ಗೆ ಓದಿದ ಜರ್ಮನ್ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲ ಎಂಬರ್ಥದ ಮಾತನ್ನು ಬರೆದಿಟ್ಟ. ಅದೇ ದಿನ ಆಸ್ಟ್ರಿಯ ತಂತಿ ಕಳುಹಿಸಿ ಸರ್ಬಿಯದ ಮೇಲೆ ಯುದ್ಧ ಸಾರಿತು. ಜುಲೈ 30ಕ್ಕೆ ರಷ್ಯ ಪೂರ್ಣ ಸೇನಾ ಜಮಾವಣೆಗೆ ಆಜ್ಞೆ ಹೊರಡಿಸಿತು. ಜರ್ಮನಿಯ ಸೇನಾಯೋಜನೆಯು ಮೊದಲು ಬೆಲ್ಜಿಯಂ ಮೂಲಕ ನುಗ್ಗಿ ರಷ್ಯದ ಮಿತ್ರನಾದ ಫ್ರಾನ್ಸನ್ನು ಸೋಲಿಸಬೇಕು, ಆಮೇಲೆ ರಷ್ಯದತ್ತ ತಿರುಗಬೇಕು ಎಂದು ರೈಲುಗಳ ವೇಳಾಪಟ್ಟಿಯವರೆಗೆ ಸಿದ್ಧವಾಗಿದ್ದ ಯೋಜನೆಯಾಗಿತ್ತು. ಆದ್ದರಿಂದ ರಷ್ಯದೊಡನೆ ಜಗಳ ಹುಟ್ಟಿದರೂ ಸೈನ್ಯ ಹೊರಟದ್ದು ಪಶ್ಚಿಮಕ್ಕೆ. ಆಗಸ್ಟ್ 1ರಂದು ರಷ್ಯದ ಮೇಲೆ, 3ರಂದು ಫ್ರಾನ್ಸಿನ ಮೇಲೆ ಯುದ್ಧ ಘೋಷಣೆಯಾಯಿತು. 4ರಂದು ಜರ್ಮನ್ ಸೈನ್ಯ ಬೆಲ್ಜಿಯಂ ಗಡಿ ದಾಟಿದಾಗ, ಬೆಲ್ಜಿಯಂನ ತಟಸ್ಥತೆಯನ್ನು ಕಾಯುವ ಮಾತು ಕೊಟ್ಟಿದ್ದ ಬ್ರಿಟನ್ನೂ ಯುದ್ಧಕ್ಕೆ ಇಳಿಯಿತು.

ತರಗತಿಯಲ್ಲಿ ನಾನು ಈ ಪಾಠಕ್ಕೆ ಪಟ್ಟಿಯಿಂದ ಆರಂಭಿಸುತ್ತಿರಲಿಲ್ಲ. ಜೂನ್ 28ರಿಂದ ಆಗಸ್ಟ್ 4ರವರೆಗಿನ ತಾರೀಕುಗಳನ್ನು ಕರಿಹಲಗೆಯ ಉದ್ದಕ್ಕೂ ಬರೆದು, ಆರು ಮಕ್ಕಳನ್ನು ಆರು ರಾಜಧಾನಿಗಳ ಹೆಸರಿನಲ್ಲಿ ನಿಲ್ಲಿಸಿ, ಪ್ರತಿಯೊಂದು ತಾರೀಕಿಗೂ "ಈಗ ನಿನಗೆ ಗೊತ್ತಿರುವುದೇನು, ನಿನ್ನ ಮುಂದೆ ಎಷ್ಟು ದಾರಿಗಳಿವೆ" ಎಂದು ಕೇಳುತ್ತಿದ್ದೆ. ಎರಡು ಪೀರಿಯಡ್ ಹಿಡಿಯುತ್ತಿತ್ತು. ವಿಯೆನ್ನದ ಜಾಗದಲ್ಲಿ ನಿಂತ ಹುಡುಗನಿಗೆ ಬರ್ಲಿನ್ ಬೆನ್ನಿಗಿದೆ ಎಂದು ತಿಳಿದ ಕೂಡಲೇ ಅವನ ದನಿ ಏರುವುದನ್ನು ಪ್ರತಿವರ್ಷವೂ ಕಂಡಿದ್ದೇನೆ. ಸೈನಿಕ ಕೂಟ ಎಂಬ ಪದದ ಅರ್ಥ ಮಕ್ಕಳಿಗೆ ಆಗುತ್ತಿದ್ದುದು ಆ ಕ್ಷಣದಲ್ಲಿ. ಅದಾದ ಮೇಲೆ ಪುಸ್ತಕದ ಪಟ್ಟಿ ತೆರೆದರೆ ಅದರಲ್ಲಿನ ಒಂದೊಂದು ಪದವೂ ಅವರು ಕಣ್ಣಾರೆ ಕಂಡದ್ದರ ಹೆಸರಾಗಿರುತ್ತಿತ್ತು.

ಕಾರಣಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ ಎಂಬುದನ್ನೂ ಹತ್ತನೆಯ ತರಗತಿಯ ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. 1961ರಲ್ಲಿ ಜರ್ಮನ್ ಇತಿಹಾಸಕಾರ ಫ್ರಿಟ್ಸ್ ಫಿಶರ್, ತನ್ನ ದೇಶದ ನಾಯಕರೇ ವಿಶ್ವಶಕ್ತಿಯಾಗುವ ಆಸೆಯಿಂದ ಗೊತ್ತಿದ್ದೂ ಯುದ್ಧದ ಅಪಾಯವನ್ನು ಮೈಮೇಲೆ ಎಳೆದುಕೊಂಡರು ಎಂದು ವಾದಿಸಿದಾಗ ಜರ್ಮನಿಯಲ್ಲಿ ದೊಡ್ಡ ವಿವಾದವೇ ಎದ್ದಿತು. ಅರ್ಧ ಶತಮಾನದ ಬಳಿಕ ಇನ್ನೊಬ್ಬ ಇತಿಹಾಸಕಾರ ಕ್ರಿಸ್ಟೋಫರ್ ಕ್ಲಾರ್ಕ್ ಹೊಣೆಯನ್ನು ಎಲ್ಲ ರಾಜಧಾನಿಗಳಿಗೂ ಹಂಚಿದರು. ಕಾರಣ ಹೇಳುವುದೆಂದರೆ ಹೊಣೆ ಹೊರಿಸುವುದೂ ಆಗುತ್ತದೆ. 1919ರ ವರ್ಸೇಲ್ಸ್ ಒಪ್ಪಂದದ 231ನೆಯ ವಿಧಿ ಯುದ್ಧದ ನಷ್ಟಕ್ಕೆಲ್ಲ ಜರ್ಮನಿ ಮತ್ತು ಅದರ ಮಿತ್ರರೇ ಹೊಣೆ ಎಂದಿತು, 1921ರಲ್ಲಿ ಆ ಹೊಣೆಯ ಬೆಲೆಯಾಗಿ 13,200 ಕೋಟಿ ಚಿನ್ನದ ಮಾರ್ಕುಗಳ ಪರಿಹಾರ ನಿಗದಿಯಾಯಿತು. ಇತಿಹಾಸದ ಒಂದು "ಕಾರಣ" ಇಲ್ಲಿ ಒಂದು ದೇಶದ ಸಾಲದ ಪತ್ರವಾಯಿತು.

ಇಲ್ಲಿಂದ ಮುಂದೆ ಮಕ್ಕಳು ಸಾಮಾನ್ಯವಾಗಿ ಬರೆಯುವ ಒಂದು ಉತ್ತರವಿದೆ: "ಯುದ್ಧ ಪರಿಹಾರದಿಂದ ಜರ್ಮನಿಯಲ್ಲಿ ಹಣದುಬ್ಬರ ಉಂಟಾಯಿತು, ಜನರು ಕಷ್ಟಕ್ಕೊಳಗಾದರು, ಆದ್ದರಿಂದ ಹಿಟ್ಲರ್ ಅಧಿಕಾರಕ್ಕೆ ಬಂದನು." ಇದಕ್ಕೆ ಪೂರ್ತಿ ಅಂಕ ಸಿಗುವುದುಂಟು. ಆದರೆ ವರ್ಷಗಳನ್ನು ಹಾಕಿ ನೋಡಿದ ಕೂಡಲೇ ಈ ಸರಪಳಿಯ ಕೊಂಡಿ ಕಳಚುತ್ತದೆ. ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕು ಕೊಡಬೇಕಾಗಿ ಬಂದ ಆ ಭೀಕರ ಹಣದುಬ್ಬರ 1923ರ ನವೆಂಬರ್‌ನದು. ಹೊಸ ನಾಣ್ಯ ಬಂದು ಅದು ಅಲ್ಲಿಗೇ ನಿಂತಿತು. ಐದು ವರ್ಷಗಳ ಬಳಿಕ, 1928ರ ಚುನಾವಣೆಯಲ್ಲಿ, ನಾಜಿ ಪಕ್ಷಕ್ಕೆ ಬಿದ್ದ ಮತ ಶೇಕಡಾ 2.6 ಮಾತ್ರ. ಹಣದುಬ್ಬರವೇ ಕಾರಣವಾಗಿದ್ದರೆ 1928ರಲ್ಲಿ ಆ ಪಕ್ಷ ಹೀಗೆ ಮೂಲೆಗೆ ಸರಿಯುತ್ತಿರಲಿಲ್ಲ. 1929ರ ಬಳಿಕ ಅಮೆರಿಕದ ಸಾಲಗಳು ಬತ್ತಿ, ಸರಕಾರ ಖರ್ಚು ಕಡಿದು, ನಿರುದ್ಯೋಗಿಗಳ ಸಂಖ್ಯೆ 60 ಲಕ್ಷದತ್ತ ಏರಿದಾಗ ಅದೇ ಪಕ್ಷಕ್ಕೆ 1930ರಲ್ಲಿ ಶೇಕಡಾ 18.3, 1932ರ ಜುಲೈಯಲ್ಲಿ ಶೇಕಡಾ 37.3 ಮತ ಬಂತು.

ಹಾಗಾದರೆ ಆರ್ಥಿಕ ಮುಗ್ಗಟ್ಟೇ ಕಾರಣವೇ? ಅಲ್ಲಿಗೂ ನಿಲ್ಲುವಂತಿಲ್ಲ. ಅಮೆರಿಕದಲ್ಲಿಯೂ ದುಡಿಯುವವರಲ್ಲಿ ನಾಲ್ವರಿಗೊಬ್ಬರಂತೆ ಕೆಲಸ ಕಳೆದುಕೊಂಡಿದ್ದರು, ಅವರು 1932ರಲ್ಲಿ ಆರಿಸಿದ್ದು ಪ್ರಜಾಪ್ರಭುತ್ವವನ್ನು ಬಿಡದ ರೂಸ್‌ವೆಲ್ಟ್ ಅವರನ್ನು. ಜರ್ಮನಿಯಲ್ಲಿಯೇ 1932ರ ನವೆಂಬರ್ ಚುನಾವಣೆಯಲ್ಲಿ ನಾಜಿಗಳ ಮತ ಶೇಕಡಾ 33.1ಕ್ಕೆ ಇಳಿದಿತ್ತು. ಹೀಗೆ ಇಳಿಮುಖವಾಗಿದ್ದ ಪಕ್ಷದ ನಾಯಕನನ್ನು 1933ರ ಜನವರಿ 30ರಂದು ಕರೆದು ಪ್ರಧಾನಿ ಪಟ್ಟದಲ್ಲಿ ಕೂರಿಸಿದವರು ಅಧ್ಯಕ್ಷ ಹಿಂಡೆನ್‌ಬರ್ಗ್ ಮತ್ತು ಅವರ ಸುತ್ತಲಿದ್ದ ಸಂಪ್ರದಾಯವಾದಿ ರಾಜಕಾರಣಿಗಳು. ಅವನನ್ನು ತಮ್ಮ ಅಂಕೆಯಲ್ಲಿ ಇಟ್ಟುಕೊಳ್ಳಬಹುದೆಂದು ಅವರು ನಂಬಿದ್ದರು. ಮುಗ್ಗಟ್ಟು ನೆಲವನ್ನು ಹದ ಮಾಡಿತ್ತು, ಬೀಜವನ್ನು ಕೈಯಾರೆ ಬಿತ್ತಿದವರು ಬೇರೆಯೇ ಇದ್ದರು. ಈ ವ್ಯತ್ಯಾಸವನ್ನು ಹದಿನೈದು ವರ್ಷದ ಮಗು ಗ್ರಹಿಸಬಲ್ಲದು. ಗ್ರಹಿಸಲಾರದೆಂದು ತಿಳಿದು ನಾವೇ ಅದನ್ನು ಪಾಠದಿಂದ ತೆಗೆದುಹಾಕುತ್ತೇವೆ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

1929ರ ಮುಗ್ಗಟ್ಟಿನ ಕಾರಣಗಳನ್ನೂ ಹೀಗೆಯೇ ಇನ್ನೊಂದು ಘಟನೆಯ ಪಕ್ಕದಲ್ಲಿಟ್ಟು ಪರೀಕ್ಷಿಸಬಹುದು. ನ್ಯೂಯಾರ್ಕ್ ಷೇರು ಪೇಟೆಯ ಕುಸಿತವೇ ಮೊದಲ ಕಾರಣವೆಂದು ಮಕ್ಕಳು ಬರೆಯುತ್ತಾರೆ. 1987ರ ಅಕ್ಟೋಬರ್ 19ರಂದು ಅದೇ ಪೇಟೆಯ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇಕಡಾ 22.6ರಷ್ಟು ಬಿದ್ದಿತು, 1929ರ ಯಾವುದೇ ಒಂದು ದಿನದ ಕುಸಿತಕ್ಕಿಂತ ಇದು ದೊಡ್ಡದು. ಆದರೂ ಮಹಾಮುಗ್ಗಟ್ಟು ಬರಲಿಲ್ಲ. 1987ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಕೂಡಲೇ ಹಣ ಒದಗಿಸಿ ಬ್ಯಾಂಕುಗಳನ್ನು ಕಾಯ್ದಿತು; 1930ರಿಂದ 1933ರವರೆಗೆ ಸುಮಾರು 9,000 ಬ್ಯಾಂಕುಗಳು ಮುಳುಗುತ್ತಿದ್ದಾಗ ಹಾಗೆ ಮಾಡಲಿಲ್ಲ, ಚಲಾವಣೆಯ ಹಣ ಮೂರರಲ್ಲೊಂದು ಪಾಲು ಕರಗಿತು. ನೋಟಿನ ಬೆಲೆಯನ್ನು ಚಿನ್ನಕ್ಕೆ ಕಟ್ಟಿಹಾಕಿದ್ದ ವ್ಯವಸ್ಥೆ ಈ ಕಾಯಿಲೆಯನ್ನು ದೇಶದಿಂದ ದೇಶಕ್ಕೆ ಹಬ್ಬಿಸಿತು: 1931ರಲ್ಲಿ ಅದರಿಂದ ಕಳಚಿಕೊಂಡ ಬ್ರಿಟನ್ ಬೇಗ ಚೇತರಿಸಿತು, 1936ರವರೆಗೂ ಹಿಡಿದುಕೊಂಡಿದ್ದ ಫ್ರಾನ್ಸ್ ತಡವಾಗಿ ಚೇತರಿಸಿತು. 1930ರಲ್ಲಿ ಅಮೆರಿಕ ಆಮದು ಸುಂಕವನ್ನು ಏರಿಸಿದ್ದು ಗಾಯದ ಮೇಲೆ ಬರೆ. ಭಾರತದ ರೂಪಾಯಿ ಮಾತ್ರ 1 ಶಿಲಿಂಗ್ 6 ಪೆನ್ಸಿನ ದರದಲ್ಲಿ ಬ್ರಿಟನ್ನಿನ ಪೌಂಡಿಗೆ ಕಟ್ಟುಬಿದ್ದೇ ಇತ್ತು. ಬೆಳೆಯ ಬೆಲೆ ಅರ್ಧಕ್ಕಿಳಿದರೂ ಕಂದಾಯ ಇಳಿಯದ್ದರಿಂದ ರೈತರ ಮನೆಗಳ ಚಿನ್ನ 1931ರ ಬಳಿಕ ಹಡಗು ಹತ್ತಿತು. ಬೆಲೆ ಬಿದ್ದಾಗ ಸಾಲ ಭಾರವಾಗುವುದು ಹೇಗೆಂದು ಅಡಿಕೆ ಬೆಳೆಯುವ ನಿಮ್ಮ ಕಡೆಯ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. 1970ರ ದಶಕದ ಮೊದಲಲ್ಲಿ ಅಡಿಕೆಯ ಬೆಲೆ ನೆಲ ಕಚ್ಚಿದ ಕಾಲದಲ್ಲಿಯೇ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. ಅಜ್ಜನನ್ನು ಕೇಳಿದರೆ ಅವಳಿಗೆ ಆ ವರ್ಷಗಳ ಲೆಕ್ಕ ಸಿಕ್ಕೀತು.

ಯುರೋಪಿನ ಕಥೆಗೂ ನಮ್ಮೂರಿಗೂ ಏನು ಸಂಬಂಧ ಎಂದು ಕೇಳಿದಿರಿ. ಒಮ್ಮೆ ಒಬ್ಬ ವಿದ್ಯಾರ್ಥಿ, ಹಳೆಯ ಮನೆಯ ಮಾಡು ಕೆಡಹಿ ಟೆರೇಸು ಹಾಕುವಾಗ ಪಕ್ಕಾಸು ರೀಪುಗಳ ನಡುವಿನಿಂದ ಇಳಿಸಿದ ಎರಡು ಹಂಚುಗಳನ್ನು ಸಂಚಿಯಲ್ಲಿ ಹಾಕಿಕೊಂಡು ತರಗತಿಗೆ ತಂದಿದ್ದ. ಒಂದರ ಮೇಲೆ ಬಾಸೆಲ್ ಮಿಶನ್ ಎಂದೂ ಇನ್ನೊಂದರ ಮೇಲೆ ಕಾಮನ್‌ವೆಲ್ತ್ ಎಂದೂ ಇಂಗ್ಲಿಷಿನಲ್ಲಿ ಅಚ್ಚೊತ್ತಿತ್ತು. ಆಕಾರ ಒಂದೇ, ಬಣ್ಣ ಒಂದೇ, ಹಾವಸೆ ಕೂಡ ಒಂದೇ ರೀತಿ ಹಿಡಿದಿತ್ತು. ಹೆಸರು ಮಾತ್ರ ಬೇರೆ. ಯಾಕೆ ಹೀಗೆ ಎಂದು ಅವನು ಕೇಳಿದ. 1865ರಿಂದ ಮಂಗಳೂರಿನಲ್ಲಿ ಹಂಚು ಸುಡುತ್ತಿದ್ದ ಬಾಸೆಲ್ ಮಿಶನ್, ಕಿಟ್ಟೆಲ್ ಅವರ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿದ ಅದೇ ಮಿಶನ್, ಸ್ವಿಟ್ಜರ್ಲೆಂಡಿನದಾದರೂ ಅದರಲ್ಲಿ ದುಡಿಯುತ್ತಿದ್ದವರಲ್ಲಿ ಬಹಳ ಮಂದಿ ಜರ್ಮನರು. 1914ರಲ್ಲಿ ಯುದ್ಧ ಶುರುವಾದಾಗ ಅವರು ಶತ್ರುದೇಶದ ಪ್ರಜೆಗಳಾದರು. ಅವರನ್ನು ಕೂಡಿಹಾಕಲಾಯಿತು, ದೇಶದಿಂದ ಹೊರಗೆ ಕಳುಹಿಸಲಾಯಿತು, ಕಾರ್ಖಾನೆಗಳು ಬ್ರಿಟಿಷ್ ಸರಕಾರದ ವಶವಾಗಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದುವು. ಆ ದಿನ ತರಗತಿಯಲ್ಲಿ ನಡೆದ ಚರ್ಚೆ ನನಗೆ ಚೆನ್ನಾಗಿ ನೆನಪಿದೆ. ಹಂಚಿನ ಹೆಸರು ಬದಲಾಗಲು ಸರಯೇವೊದ ಗುಂಡು ಕಾರಣ ಎಂದು ಒಬ್ಬಳು ಹೇಳಿದಳು. ಗುಂಡು ಅಲ್ಲ, ನಮ್ಮನ್ನು ಇಂಗ್ಲಿಷರು ಆಳುತ್ತಿದ್ದುದೇ ಕಾರಣ, ಇಲ್ಲದಿದ್ದರೆ ಮಂಗಳೂರಿನ ಕುಂಬಾರಿಕೆಗೂ ಜರ್ಮನಿಗೂ ಯಾವ ಜಗಳವೂ ಇರುತ್ತಿರಲಿಲ್ಲ ಎಂದು ಹಂಚು ತಂದ ಹುಡುಗ ವಾದಿಸಿದ. ಎರಡೂ ಕಾರಣಗಳೇ, ಆದರೆ ಒಂದು ಬಹುಕಾಲದಿಂದ ಇದ್ದ ಸ್ಥಿತಿ, ಇನ್ನೊಂದು ಆ ಗಳಿಗೆಯ ಕಿಡಿ. ಸಾಮ್ರಾಜ್ಯದಾಹ ಎಂಬ ಪಾಠದ ಪದ ಅವನ ಮನೆಯ ಮಾಡಿನ ಮೇಲೆಯೇ ಕುಳಿತಿತ್ತು.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ 1990ನ್ನು ತೆಗೆದುಕೊಳ್ಳಿ. ಗಲ್ಫಿಗೆ ಹೋದವರಿಲ್ಲದ ಓಣಿ ಕಾಸರಗೋಡಿನಲ್ಲಿ ಸಿಗುವುದು ಕಷ್ಟ. ಆ ವರ್ಷದ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಇರಾನಿನೊಡನೆ 1980ರಿಂದ 1988ರವರೆಗೆ ನಡೆಸಿದ ಯುದ್ಧದ ಸಾಲ ಇರಾಕಿನ ಕತ್ತು ಹಿಸುಕುತ್ತಿತ್ತು, ಆ ಸಾಲದಲ್ಲಿ ಒಂದು ಭಾಗ ಕುವೈತಿನದೇ ಆಗಿತ್ತು, ಕುವೈತ್ ಹೆಚ್ಚು ತೈಲ ತೆಗೆದು ಬೆಲೆ ಇಳಿಸುತ್ತಿದೆ ಎಂಬ ದೂರೂ ಇತ್ತು. ಒಂದು ಯುದ್ಧದ ಸಾಲ ಇನ್ನೊಂದು ಯುದ್ಧವನ್ನು ಹೆತ್ತಿತು. ನಮ್ಮ ನೆರೆಮನೆಯ ಹಿರಿಯರೊಬ್ಬರು ಇರಾಕನ್ನು ಬಸ್ಸಿನಲ್ಲಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದು, ಅಲ್ಲಿಂದ ವಿಮಾನದಲ್ಲಿ ಮುಂಬೈಗೂ ಆಮೇಲೆ ರೈಲು-ಬಸ್ಸುಗಳಲ್ಲಿ ಊರಿಗೂ ಬಂದಿಳಿದಾಗ ಅವರ ಕೈಯಲ್ಲಿದ್ದುದು ಒಂದು ಬಟ್ಟೆಯ ಚೀಲ ಮಾತ್ರ. ಚೀಲದಲ್ಲಿ ಯಾವ ಬ್ಯಾಂಕೂ ಬದಲಾಯಿಸಿಕೊಡದ ಕೆಲವು ಕುವೈತಿ ದಿನಾರ್ ನೋಟುಗಳಿದ್ದುವು. ಅವನ್ನು ಅವರು ಕೊನೆಯವರೆಗೂ ಕಬ್ಬಿಣದ ಟ್ರಂಕಿನಲ್ಲಿ ಪಾಸ್‌ಪೋರ್ಟಿನ ನಡುವೆ ಇಟ್ಟುಕೊಂಡಿದ್ದರು. ಹಾಗೆ ಮರಳಿದ ಭಾರತೀಯರು 1.7 ಲಕ್ಷಕ್ಕೂ ಹೆಚ್ಚು ಮಂದಿ.

ಮರುವರ್ಷ ಭಾರತ ತನ್ನ ಚಿನ್ನವನ್ನು ಅಡವಿಟ್ಟಿತು. ಗಲ್ಫ್ ಯುದ್ಧದಿಂದ ತೈಲ ಬೆಲೆ ಏರಿತು, ಆದ್ದರಿಂದ 1991ರ ಬಿಕ್ಕಟ್ಟು ಬಂತು ಎಂದು ಸುಲಭವಾಗಿ ಬರೆದುಬಿಡಬಹುದು. ಇಲ್ಲಿಯೂ ತಾರೀಕು ನೋಡಬೇಕು. 1990ರ ಅಕ್ಟೋಬರ್‌ನಲ್ಲಿ ಬ್ಯಾರೆಲಿಗೆ 40 ಡಾಲರಿನ ಹತ್ತಿರ ಹೋಗಿದ್ದ ತೈಲದ ಬೆಲೆ 1991ರ ಜನವರಿಯಲ್ಲಿ ಬಿದ್ದುಹೋಯಿತು, ಫೆಬ್ರವರಿ ಕೊನೆಗೆ ಯುದ್ಧವೂ ಮುಗಿಯಿತು. ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನಿಗೆ ಅಡವು ಹೋದದ್ದು, ರೂಪಾಯಿಯ ಬೆಲೆಯನ್ನು ಎರಡು ಹಂತಗಳಲ್ಲಿ ಇಳಿಸಿದ್ದು ಜುಲೈಯಲ್ಲಿ. ತೈಲದ ಬೆಲೆ ಇಳಿದ ಮೇಲೂ ಬಿಕ್ಕಟ್ಟು ಬೆಳೆಯುತ್ತಲೇ ಹೋದದ್ದು ಯಾಕೆಂದು ಕೇಳಿದಾಗ, 1980ರ ದಶಕದುದ್ದಕ್ಕೂ ಸರಕಾರ ಆದಾಯಕ್ಕೆ ಮೀರಿ ಮಾಡಿದ ಖರ್ಚು, ಬೇಗ ತೀರಿಸಬೇಕಾದ ವಿದೇಶಿ ಸಾಲಗಳು, ಸೋವಿಯತ್ ಒಕ್ಕೂಟದೊಡನೆ ಇದ್ದ ವ್ಯಾಪಾರ ಕುಗ್ಗಿದ್ದು, ದೆಹಲಿಯಲ್ಲಿ ಸರಕಾರಗಳು ಒಂದರ ಹಿಂದೆ ಒಂದು ಉರುಳಿದ್ದು, ಇದನ್ನೆಲ್ಲ ಕಂಡು ಅನಿವಾಸಿಗಳು ಠೇವಣಿ ಹಿಂದೆಗೆದದ್ದು ಒಂದೊಂದಾಗಿ ಎದುರು ಬರುತ್ತವೆ. ಗಲ್ಫ್ ಯುದ್ಧ ಮೊದಲೇ ಬಿರುಕು ಬಿಟ್ಟ ಗೋಡೆಗೆ ಬಿದ್ದ ಏಟು. ಅದೇ ತೈಲ ಬೆಲೆ ತೆತ್ತ ಎಷ್ಟೋ ದೇಶಗಳು ಚಿನ್ನವನ್ನು ಹೊರಗೆ ಸಾಗಿಸಬೇಕಾಗಿ ಬರಲಿಲ್ಲ.

ಇನ್ನು ಅಂಕಗಳ ವಿಚಾರ. ಪಟ್ಟಿಯನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಉತ್ತರಪತ್ರಿಕೆ ನೋಡುವವರು ಹುಡುಕುವ ಪದಗಳು ಅದರಲ್ಲಿವೆ, ಅವು ಉತ್ತರದಲ್ಲಿ ಇರಲೇಬೇಕು. ಆದರೆ ಪ್ರತಿ ಕಾರಣದ ಜೊತೆಗೆ ಒಂದು ವರ್ಷವನ್ನೂ, ಅದನ್ನು ಮುಂದಿನದಕ್ಕೆ ಜೋಡಿಸುವ ಒಂದು ಪದವನ್ನೂ ಅವಳು ಬರೆಯಲಿ. "ಸೈನಿಕ ಕೂಟಗಳಿದ್ದುವು" ಎಂದು ನಿಲ್ಲಿಸುವ ಬದಲು, "ಸೈನಿಕ ಕೂಟಗಳು 1913ರಲ್ಲಿಯೂ ಇದ್ದುವು, ಆದರೆ ಆಗ ರಷ್ಯ ಸರ್ಬಿಯವನ್ನು ಮಣಿಯಲು ಹೇಳಿತ್ತು, 1914ರಲ್ಲಿ ಜರ್ಮನಿ ಆಸ್ಟ್ರಿಯಕ್ಕೆ ಮಿತಿಯಿಲ್ಲದ ಬೆಂಬಲ ಕೊಟ್ಟದ್ದರಿಂದ ಕೂಟಗಳೇ ಯುದ್ಧವನ್ನು ಹಬ್ಬಿಸಿದುವು" ಎಂದು ಬರೆದರೆ ಎರಡೇ ಸಾಲು ಹೆಚ್ಚಾಗುತ್ತದೆ, ಅಂಕ ಕಳೆದುಹೋಗುವುದಿಲ್ಲ. ನಾನು ನೋಡಿದ ಸಾವಿರಾರು ಉತ್ತರಪತ್ರಿಕೆಗಳಲ್ಲಿ "ಆದರೆ", "ಆದರೂ", "ಅಷ್ಟರಲ್ಲಿ" ಎಂಬ ಪದಗಳು ಕಂಡಲ್ಲಿ ಮಗು ಯೋಚಿಸಿದೆ ಎಂದು ತಿಳಿಯುತ್ತಿತ್ತು. ಒಂದು ತೊಂದರೆ ನಿಜವಾಗಿಯೂ ಇದೆ: ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯಗಳ ಮೇಲೆ ಪಠ್ಯದಾಚೆ ಓದಲು ಪುಸ್ತಕಗಳು ಕಡಿಮೆ. ಹಾಗಾಗಿ ಅವಳು ಒಂದು ನೋಟ್‌ಬುಕ್ಕಿನಲ್ಲಿ ತಾರೀಕುಗಳ ಸಾಲನ್ನು ತಾನೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎಡಬದಿಯಲ್ಲಿ ಏನಾಯಿತು ಎಂದೂ ಬಲಬದಿಯಲ್ಲಿ ಆಗ ಬೇರೆ ಏನು ಆಗಬಹುದಾಗಿತ್ತು ಎಂದೂ ಬರೆಯಲಿ. ಮನೆಯವರಲ್ಲಿ ಯಾರಾದರೂ 1990ರಲ್ಲಿ ಕುವೈತಿನಲ್ಲಿ ಇದ್ದರೆ ಅವರ ಮಾತಿಗೂ ಅದರಲ್ಲಿ ಒಂದು ಪುಟವಿರಲಿ. ನಷ್ಟ ಪರಿಹಾರಕ್ಕಾಗಿ ವಿಶ್ವಸಂಸ್ಥೆಯ ಆಯೋಗಕ್ಕೆ ಬರೆದ ಅರ್ಜಿಯ ಪ್ರತಿಗಳು ಕೆಲವು ಮನೆಗಳಲ್ಲಿ ಇನ್ನೂ ಇವೆ. ಅಂಥದೊಂದು ಸಿಕ್ಕರೆ ಅದನ್ನು ಓದಲಿ.

ನನ್ನ ಕಡೆಯಿಂದ ಅವಳಿಗೆ ಇನ್ನೊಂದು ಪ್ರಶ್ನೆ ಕೊಡಿ. ಇಟಲಿಯು 1882ರಿಂದ ಜರ್ಮನಿ ಮತ್ತು ಆಸ್ಟ್ರಿಯದ ಕೂಟದಲ್ಲಿತ್ತು. 1914ರಲ್ಲಿ ಅದು ಯುದ್ಧಕ್ಕೆ ಇಳಿಯಲಿಲ್ಲ, 1915ರಲ್ಲಿ ಎದುರು ಪಕ್ಷವನ್ನು ಸೇರಿತು. ಹಾಗಿದ್ದರೆ ಸೈನಿಕ ಕೂಟಗಳು ಯುದ್ಧಕ್ಕೆ ಕಾರಣ ಎಂಬ ಮಾತನ್ನು ಹೇಗೆ ತಿದ್ದಿ ಬರೆಯಬೇಕು? ಅವಳು ಬರೆದದ್ದನ್ನು ಕಳುಹಿಸಿದರೆ ಖಂಡಿತ ಓದುತ್ತೇನೆ.